ಅರುಂಧತಿ ಕಾಣದ ಮದುಮಗಳು

ಸಾವಿರದ ಒಂಬೈನೂರ ಮೂವತ್ತೆಂಟನೇ ಇಸವಿ, ವೈಶಾಖ ಮಾಸ, ನನ್ನ ಮದುವೆಯ ದಿನ. ಮದುವೆ ಎಂದರೆ ಎಲ್ಲ ಹೆಂಗಸರಿಗೂ ಏನಾದರೊಂದು ನೆನಪಿರುತ್ತದೆ. ಸೀರೆಯ ಬಣ್ಣವೋ, ಪಾಯಸದ ರುಚಿಯೋ, ಬೀಗರಲ್ಲಿ ಯಾರೋ ಮುನಿಸಿಕೊಂಡು ಎಲೆ ಬಿಟ್ಟು ಎದ್ದದ್ದೋ. ನನಗೆ ನೆನಪಿರುವುದು ಆ ದಿನ ಬೆಳಿಗ್ಗೆ ನನ್ನ ಬಾಯಿಂದ ಜಾರಿದ ಒಂದು ಮಾತು, ಅದಕ್ಕಾಗಿ ಸಂಜೆಯವರೆಗೆ ನಾನು ಪಟ್ಟ ಪಾಡು, ಆಮೇಲೆ ಹಿತ್ತಲಿನಲ್ಲಿ ನಾನು ಕಂಡದ್ದು. ಇಷ್ಟು ವರ್ಷ ಆದರೂ ಹೇಳಲು ಕುಳಿತರೆ ಮೈ ಜುಮ್ಮೆನ್ನುತ್ತದೆ.

ನನ್ನ ತವರು ಶಾಂತಿಗ್ರಾಮದ ಪಕ್ಕದ ಒಂದು ಹಳ್ಳಿ. ರಾಗಿ ಬೆಳೆಯುವ ಮನೆ. ನನಗೆ ಆಗ ಹದಿನಾರು. ಅಕ್ಕಿಯಲ್ಲಿ ಕಲ್ಲು ಆರಿಸಬೇಕಾದರೆ, ಸೂಜಿಗೆ ದಾರ ಪೋಣಿಸಬೇಕಾದರೆ ಇಡೀ ಕೇರಿಯೇ ನನ್ನನ್ನು ಕರೆಯುತ್ತಿತ್ತು. ಕಣ್ಣು ಅಷ್ಟು ಚುರುಕು ಎಂದು ಹೆಸರು. ಬಾಯಿಯೂ ಅಷ್ಟೇ ಚುರುಕು. "ಇವಳ ಬಾಯ್ಗೆ ಬಾಗ್ಲೂ ಇಲ್ಲ, ಅಗುಳೀನೂ ಇಲ್ಲ" ಎಂದು ನಮ್ಮವ್ವ ನಿತ್ಯ ಬೈಯುತ್ತಿದ್ದಳು. ಕಂಡದ್ದನ್ನು ಕಂಡ ಹಾಗೆ ಹೇಳುವುದು ತಪ್ಪು ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ.

ಗಂಡಿನ ಮನೆ ಹೊಳೆನರಸೀಪುರದಲ್ಲಿ. ನಮ್ಮ ಕಡೆ ಆಗ ಮದುವೆ ಗಂಡಿನ ಮನೆಯಲ್ಲೇ ಆಗುತ್ತಿತ್ತು. ಮಾವನವರದು ತೆಂಗಿನಕಾಯಿ, ಕೊಬ್ಬರಿ ವ್ಯಾಪಾರ. ಎತ್ತರದ ಆಳು, ದೊಡ್ಡ ಗಂಟಲು. ಅತ್ತೆ ಕೆಲವು ವರ್ಷಗಳ ಹಿಂದೆಯೇ ತೀರಿಕೊಂಡಿದ್ದರು. ಮನೆಯ ಯಜಮಾನಿಕೆ ಎಲ್ಲ ಮಾವನ ತಾಯಿಯದು, ಅಂದರೆ ನನ್ನ ಗಂಡನ ಅಜ್ಜಿಯದು. ಕೆಂಪಗೆ, ಸಣ್ಣಗೆ ಇದ್ದ ಆ ಮುದುಕಿ ಕೆಮ್ಮಿದರೆ ಸಾಕು, ಮಾವನ ದೊಡ್ಡ ಗಂಟಲು ಅಡಗಿ ಹೋಗುತ್ತಿತ್ತು.

ಧಾರೆಯಾಯಿತು, ತಾಳಿ ಕಟ್ಟಿದ್ದಾಯಿತು. ಜೋಯಿಸರು ನಮ್ಮಿಬ್ಬರನ್ನೂ ಚಪ್ಪರದಿಂದ ಹೊರಗೆ ಕರೆತಂದರು, ಅರುಂಧತಿ ನಕ್ಷತ್ರ ತೋರಿಸುವುದಕ್ಕೆ. ಸಪ್ತರ್ಷಿಗಳಲ್ಲಿ ಒಬ್ಬರಾದ ವಸಿಷ್ಠರ ಪಕ್ಕದಲ್ಲಿ ಒಂದು ಸಣ್ಣ ಚುಕ್ಕಿ ಇದೆ, ಅದೇ ಅವರ ಹೆಂಡತಿ ಅರುಂಧತಿ. ಅವರ ಹಾಗೆ ಬಿಡದೆ ಬಾಳಿ ಎಂದು ಮದುಮಕ್ಕಳಿಗೆ ತೋರಿಸುತ್ತಾರೆ. ಮುಹೂರ್ತ ಬೆಳಿಗ್ಗೆ ಇದ್ದರೆ ಬೆಳಿಗ್ಗೆಯೇ ತೋರಿಸುತ್ತಾರೆ. ಜೋಯಿಸರು ಬೆರಳೆತ್ತುತ್ತಾರೆ, ಹೆಣ್ಣು ತಲೆ ಎತ್ತಿ ಹೂಂ ಅನ್ನುತ್ತಾಳೆ, ವಾಲಗದವರು ಊದುತ್ತಾರೆ. ಹೊತ್ತು ಆಗಲೇ ಮಾರುದ್ದ ಏರಿತ್ತು. ಬಿಸಿಲು ಕಣ್ಣು ಚುಚ್ಚುತ್ತಿತ್ತು.

"ಅಗೋ ನೋಡಮ್ಮ, ವಸಿಷ್ಠರು. ಅವರ ಪಕ್ಕದಲ್ಲಿ ಅರುಂಧತಿ. ಕಾಣಿಸ್ತೇ?" ಎಂದರು ಜೋಯಿಸರು.

"ಇಲ್ಲ" ಎಂದೆ.

"ಸರಿಯಾಗಿ ನೋಡು ತಾಯಿ."

"ನೋಡ್ದೆ ಬುದ್ಧಿ. ಬಿಸ್ಲು ಒಂದೇ ಕಾಣ್ತದೆ."

ಗಂಡಿನ ಕಡೆಯ ಹುಡುಗರು ಗೊಳ್ಳೆಂದು ನಕ್ಕರು. ವಾಲಗದವನು ಬಾಯಿಗಿಟ್ಟ ನಾಗಸ್ವರವನ್ನು ತೆಗೆದ. ನಾನೂ ಇನ್ನೇನು ನಗಬೇಕು, ಮಗ್ಗುಲಲ್ಲೇ ನಿಂತಿದ್ದ ಅಜ್ಜಿಯ ಮುಖ ನೋಡಿದೆ. ಮುದುಕಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಪಕ್ಕದಲ್ಲಿದ್ದ ಯಾರೋ ಹೆಂಗಸು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಅರುಂಧತಿ ಕಾಣ್ದೋರು ಆರು ತಿಂಗ್ಳು ಬದುಕಾಕಿಲ್ಲ ಅಂತಾರೆ" ಎಂದಳು. ಆ ಮಾತು ನಾನೂ ಕೇಳಿದ್ದೆ. ಯಾರು ಕೇಳಿಲ್ಲ?

ಜೋಯಿಸರು ಒಳ್ಳೆಯವರು. "ಹಗಲು ಹೊತ್ತಲ್ವೇನಜ್ಜಿ, ಇದು ಶಾಸ್ತ್ರಕ್ಕೆ ತೋರಿಸೋದು. ಬೇಕಾದ್ರೆ ಸಂಜೆ ನೋಡಲಿ" ಎಂದರು.

ಅಜ್ಜಿ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡರು. "ಆಗ್ಲಿ ಬುದ್ಧಿ. ದೀಪ ಅಚ್ಚಿದ್ ಮ್ಯಾಲೆ ನೋಡ್ಲಿ. ಕಂಡ್ರೆ ಮನೆ ತುಂಬಿಸ್ಕತ್ತೀನಿ. ಕಾಣ್ನಿಲ್ಲ ಅಂದ್ರೆ ಆರು ತಿಂಗ್ಳು ತವರ್ನಾಗೇ ಇರ್ಲಿ" ಎಂದುಬಿಟ್ಟರು. ಮಾವ ಏನೋ ಹೇಳಲು ಬಾಯಿ ತೆರೆದರು. ಅಜ್ಜಿ ಕೆಮ್ಮಿದರು. ಮಾವ ಬಾಯಿ ಮುಚ್ಚಿ ಊಟದ ಪಂಕ್ತಿ ನೋಡಲು ಹೋದರು.

ತಾಳಿ ಕಟ್ಟಿಸಿಕೊಂಡವಳು ಗಂಡನ ಮನೆಯ ಹೊಸ್ತಿಲು ತುಳಿಯದೆ ವಾಪಸ್ಸು ಗಾಡಿ ಹತ್ತುವುದೆಂದರೆ ಏನೆಂದು ಈಗಿನವರಿಗೂ ಹೇಳಬೇಕಾಗಿಲ್ಲ. ಮಧ್ಯಾಹ್ನವೆಲ್ಲ ನಮ್ಮವ್ವ ಬಿಡಾರದ ಮೂಲೆಯಲ್ಲಿ ನನ್ನನ್ನು ಹುರಿದು ಮುಕ್ಕಿದಳು. "ಒಂದ್ ಊಂ ಅಂದಿದ್ರೆ ನಿನ್ ಗಂಟೇನ್ ಓಯ್ತಿತ್ತೆ ಮುಂಡೇದೆ" ಎಂದು ಒಂದು ಸಲ ಬೈಯುವುದು, ಒಂದು ಸಲ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು. ನನಗೆ ಮಾತ್ರ ಹೆದರಿಕೆ ಇರಲಿಲ್ಲ. "ಸೂಜಿ ಕಣ್ಣೇ ಕಾಣೋಳ್ಗೆ ಚುಕ್ಕಿ ಕಾಣಾಕಿಲ್ವ? ಸಂಜೆ ಆಗ್ಲಿ ಬುಡವ್ವ" ಎಂದೆ. ಹೊಟ್ಟೆ ತುಂಬ ಊಟವನ್ನೂ ಮಾಡಿದೆ.

ಸಂಜೆಯಾಯಿತು. ದೀಪ ಹಚ್ಚಿದರು. ಜೋಯಿಸರು ಸಂಧ್ಯಾವಂದನೆಗೆ ಹೊಳೆಯ ಕಡೆ ಹೋಗಿದ್ದರು. ಹತ್ತಿರದ ನೆಂಟರೆಲ್ಲ ಮನೆಯ ಹಿತ್ತಲಿನಲ್ಲಿ ಸೇರಿದರು. ಮೋಡವಿಲ್ಲದ ಆಕಾಶ. ನನ್ನ ಗಂಡ ಉತ್ತರದ ಕಡೆ ಕೈ ತೋರಿಸಿ, ಸೌಟಿನ ಹಿಡಿಯ ಹಾಗೆ ಬಾಗಿದ ಮೂರು ಚುಕ್ಕಿಗಳಲ್ಲಿ ನಡುವಿನದೇ ವಸಿಷ್ಠ ಎಂದರು. ನಾನು ತಲೆ ಎತ್ತಿ ನೋಡಿದೆ.

ಏನೂ ಇರಲಿಲ್ಲ. ಅಂದರೆ, ಕಪ್ಪಗೆ ಇತ್ತು, ಅಲ್ಲಲ್ಲಿ ನೀರಿಗೆ ಬಿದ್ದ ಎಣ್ಣೆಯ ಹಾಗೆ ಏನೋ ಹರಡಿಕೊಂಡಿತ್ತು. ನಕ್ಷತ್ರ ಎಂದರೆ ಅದೇ ಎಂದು ನಾನು ಹುಟ್ಟಿದಾಗಿನಿಂದ ತಿಳಿದಿದ್ದವಳು. ಅದರಲ್ಲಿ ಸೌಟು ಯಾವುದು, ಹಿಡಿ ಯಾವುದು? ಕಣ್ಣು ಕಿರಿದು ಮಾಡಿದೆ, ಹಿರಿದು ಮಾಡಿದೆ. ಸುತ್ತ ನಿಂತವರೆಲ್ಲ, ಸಣ್ಣ ಮಕ್ಕಳು ಕೂಡ, "ಅಲ್ನೋಡು, ಅಲ್ನೋಡು" ಅನ್ನುತ್ತಿದ್ದರು. ಎಲ್ಲರಿಗೂ ಕಾಣುತ್ತದೆ, ನನಗೊಬ್ಬಳಿಗೆ ಕಾಣುವುದಿಲ್ಲ. ಆಗ ಮೊದಲ ಸಲ ನನಗೆ ಹೆದರಿಕೆಯಾಯಿತು. ಹಾಗಾದರೆ ನಾನು ನಿಜವಾಗಿಯೂ ಸಾಯುತ್ತೇನೆಯೇ?

"ಕಾಣ್ತು ಅಂದ್ಬುಡು" ಎಂದು ನನ್ನ ಗಂಡ ಕಿವಿಯ ಹತ್ತಿರ ಪಿಸುಗುಟ್ಟಿದರು. ನನಗೊಬ್ಬಳಿಗೇ ಎಂದು ಅವರು ಆಡಿದ ಮೊದಲ ಮಾತು ಅದು.

ಅನ್ನುತ್ತಿದ್ದೆನೇನೋ. ಅಷ್ಟರಲ್ಲಿ ಅಜ್ಜಿ ಬಂದು ನನ್ನ ಎರಡು ಕೈಯನ್ನೂ ಹಿಡಿದುಕೊಂಡರು. "ಮಗ, ಅವ್ರಿವ್ರು ಯೋಳ್ಕೊಟ್ಟಿದ್ದು ಬ್ಯಾಡ. ನಿನ್ ಕಣ್ಗೆ ಕಂಡಿದ್ದ ಯೋಳು. ನಿಮ್ಮತ್ತೆನೂ ಇಲ್ಲೇ ನಿಂತ್ಕಂಡು ಕಾಣಾಕಿಲ್ಲ ಅಂದ್ಲು. ಆರು ತಿಂಗ್ಳು ತುಂಬ್ನಿಲ್ಲ. ಇನ್ನೊಬ್ಳು ಸೊಸೇನ ಈ ಬಾಗ್ಲಿಂದ ಒರಕ್ಕೆ ಕಳ್ಸಾಕೆ ನನ್ ಕೈಲಿ ಆಗಾಕಿಲ್ಲ" ಎಂದರು.

ಬೆಳಿಗ್ಗೆಯಿಂದ ನಾನು ಆ ಮುದುಕಿಯನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆನೋ. ಅವರಿಗೆ ನನ್ನ ಮೇಲೆ ಕೋಪವಲ್ಲ, ಭಯ ಎಂದು ಆಗ ತಿಳಿಯಿತು. ಹೀಗೆ ಕೇಳಿದವರಿಗೆ ಸುಳ್ಳು ಹೇಳುವುದು ಹೇಗೆ?

"ಕಾಣಾಕಿಲ್ಲ ಅಜ್ಜಿ" ಎಂದೆ. ನಮ್ಮವ್ವ ಅಲ್ಲೇ ಕುಸಿದು ಕುಳಿತಳು.

ಆಗ ಮಾವ ಬಂದರು. ನೆಂಟರನ್ನು ಗಾಡಿ ಹತ್ತಿಸಿ ಬಂದವರು ಹಿತ್ತಲಿನ ಗುಂಪು ನೋಡಿ, "ಏನವ್ವ ಇದು, ಇನ್ನೂ ಮುಗೀನಿಲ್ವ? ತಡೀರಿ, ದುರ್ಬೀನು ತತ್ತೀನಿ" ಎಂದು ಒಳಗೆ ಓಡಿದರು. ಅಜ್ಜಿ ಕೆಮ್ಮಿದ್ದು ಅವರಿಗೆ ಈ ಸಲ ಕೇಳಿಸಲೇ ಇಲ್ಲ.

ಮಾವನ ದುರ್ಬೀನಿನ ಸುದ್ದಿ ಹೊಳೆನರಸೀಪುರಕ್ಕೆಲ್ಲ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಸಕಲೇಶಪುರದ ಕಡೆ ಕಾಫಿ ತೋಟದ ದೊರೆಯೊಬ್ಬ ತನ್ನ ಸೀಮೆಗೆ ಹೊರಟಾಗ ಸಾಮಾನು ಹರಾಜು ಹಾಕಿದನಂತೆ. ಬೇರೆಯವರೆಲ್ಲ ಕುರ್ಚಿ, ಮೇಜು ಕೂಗಿದರೆ ಮಾವ ಮಾರುದ್ದದ ಹಿತ್ತಾಳೆ ದುರ್ಬೀನು ಕೂಗಿ ತಂದರಂತೆ. ಕೊಬ್ಬರಿ ವ್ಯಾಪಾರಿಗೆ ಯಾಕೆ ಬೇಕು ಈ ಹುಚ್ಚು ಎಂದು ಪೇಟೆಯೆಲ್ಲ ನಕ್ಕಿತ್ತು. ಅವರು ಹಿತ್ತಲಿನಲ್ಲಿ ಒಂದು ಗೂಟ ನೆಟ್ಟು, ಅದರ ಮೇಲೆ ಹಳೆಯ ಗಾಡಿ ಚಕ್ರದ ನಡುವಿನ ಗುಂಬ ಕೂರಿಸಿ, ದುರ್ಬೀನು ಎತ್ತ ಬೇಕಾದರೂ ತಿರುಗುವ ಹಾಗೆ ಮಾಡಿಕೊಂಡಿದ್ದರು. ಚಂದ್ರನ ಮೇಲೆ ಅವರಿಗೆ ಅಷ್ಟು ಮನಸ್ಸಿಲ್ಲ. ಅವರ ಪ್ರಾಣವೆಲ್ಲ ಜೋಡಿಚುಕ್ಕಿಗಳಲ್ಲಿ. ಬರಿಗಣ್ಣಿಗೆ ಒಂದೇ ಎಂದು ಕಾಣುವ ಚುಕ್ಕಿ ದುರ್ಬೀನಿನಲ್ಲಿ ಒಡೆದು ಎರಡಾಗುವುದನ್ನು ನೋಡಿದರೆ ಅವರಿಗೆ ಊಟ ಬೇಡ.

ಅವರು ಗುಂಬದ ಮೇಲೆ ದುರ್ಬೀನು ಏರಿಸಿ, ಒಂದು ಕಣ್ಣು ಮುಚ್ಚಿ, ಆಚೆ ಈಚೆ ಆಡಿಸಿ ಗುರಿ ಹಿಡಿದರು. "ಬಾ ಮಗ, ಬಿರ್ರನೆ ನೋಡು, ಚುಕ್ಕಿ ಜಾರ್ಕಂಡ್ ಓಯ್ತದೆ" ಎಂದರು.

ಕಣ್ಣಿಟ್ಟೆ. ಒಂದು ದೊಡ್ಡ ಬಿಳಿ ಮಬ್ಬು. ಹಾಗೇ ಹೇಳಿದೆ.

"ಈ ತಿರುಪು ಐತಲ್ಲ, ಇದ ಮೆಲ್ಲುಗೆ ತಿರುಗ್ಸು. ನಿನ್ ಕಣ್ಗೆ ಎಂಗ್ ಬೇಕೋ ಅಂಗೆ ಮಾಡ್ಕ" ಎಂದು ನನ್ನ ಕೈಯನ್ನು ಹಿತ್ತಾಳೆಯ ತಿರುಪಿನ ಮೇಲೆ ಇಟ್ಟರು.

ತಿರುಗಿಸಿದೆ. ಮಬ್ಬು ಇನ್ನೂ ದೊಡ್ಡದಾಯಿತು. ಇನ್ನೊಂದು ಕಡೆ ತಿರುಗಿಸಿದೆ. ಸಣ್ಣದಾಯಿತು. ಇನ್ನಷ್ಟು ತಿರುಗಿಸಿದೆ, ಇನ್ನಷ್ಟು ಸಣ್ಣದಾಯಿತು. ತಿರುಗಿಸುತ್ತಲೇ ಹೋದೆ. ಹರಡಿಕೊಂಡಿದ್ದ ಬೆಳಕೆಲ್ಲ ಒಳಕ್ಕೆ ಸೇರಿ ಸೇರಿ, ಇದ್ದಕ್ಕಿದ್ದಂತೆ ಸೂಜಿಮೊನೆಯಷ್ಟಾಗಿ ನಿಂತುಬಿಟ್ಟಿತು.

ದೇವರೇ, ಆ ಗಳಿಗೆಯನ್ನು ನಾನು ಹೇಗೆ ಹೇಳಲಿ? ಹದಿನಾರು ವರ್ಷ ನಾನು ನಕ್ಷತ್ರವನ್ನೇ ನೋಡಿರಲಿಲ್ಲ. ನಕ್ಷತ್ರ ಎಂದರೆ ಇಷ್ಟು ಚೂಪು, ಇಷ್ಟು ಬಿಳಿ, ಹೀಗೆ ಜೀವ ಇರುವ ಹಾಗೆ ಮಿಡಿಯುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಉಸಿರು ಬಿಟ್ಟರೆ ಆರಿ ಹೋಗುತ್ತದೇನೋ ಎಂದು ಉಸಿರು ಬಿಗಿ ಹಿಡಿದೆ. ನನ್ನ ಹಿಂದೆ ಮದುವೆಯ ಜನ ನಿಂತಿದ್ದಾರೆ, ನನ್ನ ಬದುಕು ತೂಗಾಡುತ್ತಿದೆ, ಒಂದೂ ನೆನಪಿಗೆ ಬರಲಿಲ್ಲ.

"ಕಾಣ್ತಾ? ಎರ್ಡು ಚುಕ್ಕಿ?" ಎಂದು ಅಜ್ಜಿ ಕೇಳಿದರು.

ಒಳ್ಳೆಯ ಸೊಸೆಯಾದವಳು ಹೂಂ ಎಂದು ಮುಗಿಸಬೇಕಾಗಿತ್ತು. ನಾನು, "ಎರಡಲ್ಲ ಅಜ್ಜಿ, ಮೂರವೆ" ಎಂದೆ.

"ಅಯ್ಯೋ ಶಿವನೇ" ಎಂದಳು ನಮ್ಮವ್ವ.

ಮಾವ ಮಾತ್ರ ಒಂದು ಹೆಜ್ಜೆ ಮುಂದೆ ಬಂದರು. ಅವರ ಗಂಟಲು ಒಮ್ಮೆಲೇ ಸಣ್ಣಗಾಗಿತ್ತು. "ಎಲ್ಲೆಲ್ಲಿ ಅವೆ, ಅಂಗೇ ಯೋಳು ಮಗ."

"ಒಂದು ದೊಡ್ದು. ಅದ್ರ ಮಗ್ಗುಲಾಗೆ ಅಂಟ್ಕಂಡಂಗೆ ಒಂದು ಚಿಕ್ದು. ಇನ್ನೊಂದು ಅಷ್ಟು ದೂರ್ದಾಗೆ ಒಂಟಿಯಾಗಿ ಐತೆ."

ಮಾವ ಕುಣಿದುಬಿಟ್ಟರು. ಸುಳ್ಳಲ್ಲ, ರೇಷ್ಮೆ ಪಂಚೆ ಉಟ್ಟ ಆ ಎತ್ತರದ ಮನುಷ್ಯ ಹಿತ್ತಲಿನಲ್ಲಿ ಹುಡುಗನ ಹಾಗೆ ಎರಡು ಹೆಜ್ಜೆ ಕುಣಿದರು. "ಕೇಳುದ್ರಾ? ಕೇಳುದ್ರಾ ಎಲ್ರೂ? ಆ ಒಂಟಿ ಐತಲ್ಲ, ಅದೇ ಅರುಂಧತಿ. ಅಂಟ್ಕಂಡಿರೋ ಎರ್ಡೂ ಸೇರಿ ವಸಿಷ್ಠ. ಬರಿಗಣ್ಗೆ ವಸಿಷ್ಠ ಒಂದೇ, ದುರ್ಬೀನ್ನಾಗೆ ಜೋಡಿ. ಇಷ್ಟು ವರ್ಸದಾಗೆ ಅರ್ಧ ತಾಲ್ಲೂಕಿಗೆ ತೋರ್ಸಿವ್ನಿ. ಎಲ್ರೂ ಬಾಳ ಚಂದಾಗೈತೆ ಅಂದ್ಕಂಡ್ ಓದ್ರು. ಒಂದ್ ದಪ ದೊಡ್ ಮನುಸ್ರೊಬ್ರಿಗೆ ಮುಚ್ಳ ತೆಗೀದೇ ತೋರ್ಸ್ಬುಟ್ಟೆ, ಅವ್ರೂ ಬಾಳ ಚಂದಾಗೈತೆ ಅಂದ್ರು. ಕಂಡಿದ್ದ ಕಂಡಂಗೆ ಯೋಳ್ದೋಳು ಇವಳೊಬ್ಳೇ ಕಣ್ರಲಾ."

ಅಜ್ಜಿಗೆ ಬೇರೆಯೇ ಚಿಂತೆ. "ಅಂಗಾರೆ ವಸಿಷ್ಠನ ಮಗ್ಗುಲಾಗೆ ಅಂಟ್ಕಂಡಿರೋಳು ಯಾವಳ್ಲಾ?" ಎಂದರು. ಜೋಯಿಸರು ಅಲ್ಲಿರಲಿಲ್ಲ, ಪುಣ್ಯ. ಬೆಳಿಗ್ಗೆಯಿಂದ ಬಿಗಿದುಕೊಂಡಿದ್ದ ಜನವೆಲ್ಲ ನಕ್ಕರು. ನಮ್ಮವ್ವ ಕೂಡ ಸೆರಗು ಅಡ್ಡ ಹಿಡಿದು ನಕ್ಕಳು.

ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. ಮಾವ ತಾವೂ ಒಂದು ಸಲ ನೋಡೋಣ ಎಂದು ಕಣ್ಣಿಟ್ಟವರು, "ಇದೇನ್ಲಾ ಇದು, ಬರೀ ಮಂಜು" ಎಂದರು. ತಿರುಪು ತಿರುಗಿಸಿ ಸರಿ ಮಾಡಿಕೊಂಡರು. ನನ್ನನ್ನು ಕರೆದರು. ನನಗೆ ಬರೀ ಮಂಜು. ನಾನು ಸರಿ ಮಾಡಿಕೊಂಡೆ, ಅವರಿಗೆ ಮಂಜು. ಹೀಗೆ ಒಂದೆರಡು ಸಲ ಆಯಿತು. ಮಾವ ದುರ್ಬೀನು ಬಿಟ್ಟು ನನ್ನ ಮುಖವನ್ನೇ ನೋಡಿದರು.

"ಮಗ, ಬಾವಿ ಕಟ್ಟೆ ಮ್ಯಾಲೆ ಏನೈತೆ?" ಎಂದು ಕೇಳಿದರು. ಹಿತ್ತಲಿನ ಆ ಕೊನೆಯಲ್ಲಿ ಲಾಟೀನು ಹಿಡಿದು ಯಾರೋ ನಿಂತಿದ್ದರಂತೆ.

"ಬಾವಿ ಎಲ್ಲೈತೆ ಮಾವ?" ಎಂದೆ.

ಈ ಸಲ ಯಾರೂ ನಗಲಿಲ್ಲ. ಹತ್ತಿರದ್ದು ಕಾಣುತ್ತದೆ, ದೂರದ್ದು ಕಾಣುವುದಿಲ್ಲ, ಇದು ಕನ್ನಡಕ ಹಾಕಿದರೆ ಹೋಗುವ ತೊಂದರೆ ಎಂದು ಮಾವ ವಿವರಿಸಿದರು. ಯಾರು ಕೇಳುತ್ತಾರೆ? ಬೆಳಿಗ್ಗೆ ಆರು ತಿಂಗಳ ಮಾತು ಆಡಿದ ಹೆಂಗಸೇ, "ಕಣ್ಣಿಲ್ದಿರೋ ಹೆಣ್ಣ ಮುಚ್ಚಿಟ್ಟು ಕೊಟ್ಟವ್ರೆ" ಎಂದಳು. ನಮ್ಮವ್ವ ಅಜ್ಜಿಯ ಕಾಲು ಮುಟ್ಟಿ, "ನಮ್ಗೂ ಗೊತ್ತಿರ್ನಿಲ್ಲ ಕಣವ್ವ, ನನ್ ಮಕ್ಕಳಾಣೆ" ಎಂದು ಅತ್ತಳು. ಗುಂಪಿನಲ್ಲಿ ಗುಸುಗುಸು ಎದ್ದಿತು. ನನ್ನ ಗಂಡ ನೆಲ ನೋಡುತ್ತಿದ್ದರು. ಸಾಯುವವಳು ಎಂದು ಕಳಿಸುವುದಕ್ಕೂ ಕುರುಡಿ ಎಂದು ಕಳಿಸುವುದಕ್ಕೂ ಏನು ವ್ಯತ್ಯಾಸ? ಗಾಡಿ ಮಾತ್ರ ಅದೇ ಅಲ್ಲವೇ.

ಅಜ್ಜಿ ನಮ್ಮವ್ವನನ್ನು ಎಬ್ಬಿಸಿ ನಿಲ್ಲಿಸಿ ದುರ್ಬೀನಿನ ಹತ್ತಿರ ಬಂದರು. "ಎಲ್ಲಿ, ನಂಗೂ ತೋರ್ಸ್ಲಾ" ಎಂದರು.

ಮಾವ ಅವರನ್ನು ಒಂದು ಒರಳುಕಲ್ಲಿನ ಮೇಲೆ ನಿಲ್ಲಿಸಿ, ಬಿದ್ದಾರೆಂದು ಸೊಂಟ ಹಿಡಿದುಕೊಂಡು, ಕಣ್ಣು ಇಡಿಸಿದರು. ತಿರುಪನ್ನು ಈ ಕೊನೆಯಿಂದ ಆ ಕೊನೆಯವರೆಗೆ ತಿರುಗಿಸಿದರು. "ಕಾಣ್ತಾ ಅವ್ವ?" ಎಂದು ಕೇಳಿದರು. ಮತ್ತೆ ತಿರುಗಿಸಿದರು. ಆ ಹೊತ್ತಿನಲ್ಲಿ ನನ್ನ ಮನಸ್ಸು ಏನೆನ್ನುತ್ತಿತ್ತು ಗೊತ್ತೇ? ಕಾಣ್ತು ಅನ್ನು ಅಜ್ಜಿ, ಸುಳ್ಳಾದರೂ ಸರಿ ಅನ್ನು, ಎಂದು ನಾನೇ ಬೇಡಿಕೊಳ್ಳುತ್ತಿದ್ದೆ.

"ಇಲ್ಲ ಕಣ್ಲಾ" ಎಂದರು ಅಜ್ಜಿ. "ಏನೂ ಕಾಣಾಕಿಲ್ಲ."

ಒರಳಿನಿಂದ ಇಳಿದು ಅದರ ಮೇಲೆಯೇ ಕುಳಿತರು. "ಇವತ್ತಲ್ಲ, ವರ್ಸಗಳಿಂದ್ಲೂ ಕಾಣಾಕಿಲ್ಲ. ಕಣ್ಗೆ ಪೊರೆ ಬಂದೈತೆ ಅಂತ ನಂಗೂ ಗೊತ್ತು. ಯಾರ್ಗೂ ಯೋಳ್ನಿಲ್ಲ. ಮದ್ವೆ ಮನೇಲೆಲ್ಲ ಮುಂದ್ ನಿಂತ್ಕಂಡು ಅಗೋ ಕಾಣ್ತು ಅಗೋ ಕಾಣ್ತು ಅಂದಿವ್ನಿ. ಚುಕ್ಕಿ ಕಾಣ್ದೋರು ಆರು ತಿಂಗ್ಳಿಗೆ ಸಾಯಂಗಿದ್ರೆ ನಾನು ಎಷ್ಟು ಕಿತ ಸಾಯ್ಬೇಕಾಗಿತ್ತು?"

ಅಜ್ಜಿ ಮಾವನ ಕಡೆ ತಿರುಗಿದರು. ಅವರ ಮಾತು ನನಗೆ ಕಷ್ಟದಿಂದ ಕೇಳಿಸಿತು. "ನಿನ್ ಎಂಡ್ರು ಜರ ಬಂದು ಸೊರಗಿದ್ಲು, ಗಾಳಿಗೆ ಅಂತ ಇಲ್ಲಿಗೆ ಕರ್ಕಂಡ್ ಬಂದಿದ್ದೆ. ಕಣ್ಣು ಮಬ್ಬಾಗಿತ್ತು. ಅರುಂಧತಿ ಕಾಣ್ತಾ ಅಂದೆ, ಕಾಣಾಕಿಲ್ಲ ಅತ್ತೆ ಅಂದ್ಲು. ನಾನು ಅವಳ ಮುಂದ್ಲೇ ಅಂದ್ಬುಟ್ಟೆ, ಆರು ತಿಂಗ್ಳು ಅಂತ. ಅವತ್ನಿಂದ ಆ ಮಗ ಔಸ್ದಿ ಕುಡೀನಿಲ್ಲ. ಯಾಕೆ ಕುಡೀಲಿ ಬುಡಿ ಅತ್ತೆ ಅಂದ್ಲು."

ಮಾವ ದುರ್ಬೀನಿನ ಮೇಲೆ ಕೈ ಇಟ್ಟುಕೊಂಡು ಹಾಗೇ ನಿಂತಿದ್ದರು. ಅವರಿಗೂ ಅದು ಗೊತ್ತಿರಲಿಲ್ಲ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಅಷ್ಟು ಹತ್ತಿರ ನಿಂತಿದ್ದರಿಂದ ಅವರ ಮುಖ ನನಗೆ ಚೆನ್ನಾಗಿಯೇ ಕಾಣಿಸಿತು.

ಆಮೇಲೆ ಅಜ್ಜಿ ಎದ್ದರು. ಸೆರಗಿನಿಂದ ಮುಖ ಒರೆಸಿಕೊಂಡು ಒಮ್ಮೆ ಕೆಮ್ಮಿದರು. "ಏನ್ ನೋಡ್ತಾ ನಿಂತೀರಿ? ಒಸ್ಲ ಮ್ಯಾಲೆ ಸೇರಿಗೆ ಅಕ್ಕಿ ತುಂಬ್ಸಿಡಿ. ಇವಳ್ಗೆ ದೂರ ಕಾಣಾಕಿಲ್ಲ, ನಂಗೆ ಅತ್ರಾನೂ ಸರ್ಯಾಗ್ ಕಾಣಾಕಿಲ್ಲ. ಇಬ್ರೂ ಸೇರಿ ಮನೆ ನಡೆಸ್ತೀವಿ" ಎಂದರು. ಕುರುಡಿ ಎಂದ ಹೆಂಗಸು ಆಗಲೇ ಹಿಂದೆ ಸರಿದು ಎಲ್ಲೋ ಮರೆಯಾಗಿದ್ದಳು. ನಾನು ಸೇರು ಒದ್ದು ಒಳಗೆ ಹೋದೆ. ಖುಷಿಗೆ ಸ್ವಲ್ಪ ಜೋರಾಗಿಯೇ ಒದ್ದೆನೆಂದು ಕಾಣುತ್ತದೆ, ಅಕ್ಕಿ ನಡುಮನೆಯವರೆಗೂ ಚೆಲ್ಲಿತು.

ಆಷಾಢ ಕಳೆದ ಮೇಲೆ ಮಾವ ನನ್ನನ್ನೂ ನನ್ನ ಗಂಡನನ್ನೂ ರೈಲಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋಗಿ ಕನ್ನಡಕ ಹಾಕಿಸಿದರು. ವಾಪಸ್ಸು ಬರುವಾಗ ಕಿಟಕಿ ಬಿಟ್ಟು ನಾನು ಅಲ್ಲಾಡಲಿಲ್ಲ. ಮರಕ್ಕೆ ಎಲೆಗಳು ಬೇರೆ ಬೇರೆಯಾಗಿ ಇರುತ್ತವೆ ಎಂದು ದೂರದಿಂದ ನೋಡಿದ್ದು ಅದೇ ಮೊದಲು. ಕನ್ನಡಕದ ಸೊಸೆ ಎಂದು ಪೇಟೆಯವರು ಆಡಿಕೊಂಡರು. ಆಡಿಕೊಳ್ಳಲಿ ಎಂದು ನಾನು ಅದನ್ನು ಮೂಗಿನ ಮೇಲೆ ಇನ್ನೂ ಒಂದಿಷ್ಟು ಮೇಲಕ್ಕೆ ಏರಿಸಿಕೊಂಡೆ. ಮನೆಗೆಲಸ ಮುಗಿದ ಸಂಜೆಗಳಲ್ಲಿ ಮಾವನೂ ನಾನೂ ಹಿತ್ತಲಿನಲ್ಲಿ ಜೋಡಿಚುಕ್ಕಿ ಹುಡುಕುತ್ತಿದ್ದೆವು. ಒಂದು ಹೊಂಬಣ್ಣ ಒಂದು ನೀಲಿ ಇರುವ ಜೋಡಿಯನ್ನು ಮೊದಲ ಸಲ ನೋಡಿದ ದಿನ ಒಲೆಯ ಮೇಲಿನ ಸಾರು ಸೀದು ಹೋಯಿತು. ಬೈಯಬೇಕಾದ ಅಜ್ಜಿ, "ಏನ್ ಕಂಡ್ರಿ, ನಂಗೂ ಯೋಳ್ರಿ" ಎಂದು ಒರಳಿನ ಮೇಲೆ ಬಂದು ಕುಳಿತರು.

ಯುದ್ಧದ ಕಾಲದಲ್ಲಿ ಅರಕಲಗೂಡಿನ ನೆಂಟರ ಮನೆಯಲ್ಲಿ ಒಂದು ಮದುವೆ. ಅಷ್ಟು ಹೊತ್ತಿಗೆ ಅಜ್ಜಿಗೆ ಪೂರ್ತಿ ಕಣ್ಣು ಹೋಗಿತ್ತು. ಆದರೂ ಹಟ ಹಿಡಿದು ಗಾಡಿ ಹತ್ತಿದರು. ಜೋಯಿಸರು ಹೆಣ್ಣನ್ನು ಬಿಸಿಲಿಗೆ ಕರೆತಂದು ಬೆರಳೆತ್ತಿದಾಗ ಅಜ್ಜಿ ನನ್ನ ಭುಜ ಹಿಡಿದು ಜನರ ನಡುವೆ ನುಗ್ಗಿದರು. ಹೆಣ್ಣಿನ ಕೈ ತಡಕಿ ಹಿಡಿದು, "ಮಗ, ಕಾಣ್ದೆ ಓದ್ರೆ ಕಾಣಾಕಿಲ್ಲ ಅನ್ನು. ಏನೂ ಆಗಾಕಿಲ್ಲ" ಎಂದರು. ಆ ಹುಡುಗಿ ಗಾಬರಿಯಾಗಿ, "ಕಾಣ್ತದೆ ಅಜ್ಜಿ, ಚೆನ್ನಾಗ್ ಕಾಣ್ತದೆ" ಎಂದಳು. ವಾಲಗ ಊದಿದರು. ಅಜ್ಜಿ ಪೆಚ್ಚಾಗಿ ನನ್ನ ಕಡೆ ತಿರುಗಿ, "ಎಲ್ರೂ ನಿನ್ನಂಗೆ ಇರಾಕಿಲ್ಲ ಬುಡು" ಎಂದರು. ನನಗೆ ನಗುವೂ ಬಂತು, ಹೆಮ್ಮೆಯೂ ಆಯಿತು.

ಈಗ ಅಜ್ಜಿಯೂ ಇಲ್ಲ, ಮಾವನೂ ಇಲ್ಲ. ದುರ್ಬೀನು ಇದೆ, ನಾನೇ ಒರೆಸಿಡುತ್ತೇನೆ. ಸೂಜಿಮೊನೆಯಷ್ಟಾಗಿ ನಿಂತ ಆ ಮೊದಲ ಚುಕ್ಕಿಯನ್ನು ನೆನೆದರೆ ಈಗಲೂ ಉಸಿರು ಬಿಗಿಯುತ್ತದೆ. ಆದರೆ ಯಾರಾದರೂ ಹೆಣ್ಣುಮಗಳು "ನನಗೆ ಕಾಣುವುದಿಲ್ಲ" ಎಂದು ಹೇಳಿದಾಗ ನನಗೆ ನೆನಪಾಗುವುದು ಆ ಚುಕ್ಕಿಯಲ್ಲ. ಅದೇ ಹಿತ್ತಲಿನಲ್ಲಿ ನನಗಿಂತ ಮುಂಚೆ ಅದೇ ನಿಜವನ್ನು ಹೇಳಿದ್ದ, ನಾನು ಮುಖವನ್ನೂ ನೋಡದ ನನ್ನ ಅತ್ತೆ.